ಪತಿ-ಪತ್ನಿ ಪ್ರಕರಣ

2014ರ ಅಕ್ಟೋಬರ್ ಇರಬೇಕು. ಭಾನುವಾರ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯಜ್ಜಿ ಬಾಗಿಲು ತಟ್ಟಿದರು. ಕೈಯಲ್ಲೊಂದು ಪೇಪರ್ ಕಟಿಂಗ್. ನಾಲ್ಕೂ ಅಂಚು ನೇರ ಬರುವ ಹಾಗೆ ಕತ್ತರಿಯಲ್ಲಿ ಕತ್ತರಿಸಿದ್ದರು. ಹಿಂಬದಿಯಲ್ಲಿ ಯಾವುದೋ ಕಾರಿನ ಜಾಹೀರಾತಿನ ಅರ್ಧ ಚಕ್ರ ಕಾಣುತ್ತಿತ್ತು.

“ನಿನಗೇ ಅಂತ ಬರೆದ ಹಾಗಿದೆ ನೋಡು” ಅಂದರು.

ನನ್ನದು ಎಚ್-4 ವೀಸಾ, ಅಮೆರಿಕದಲ್ಲಿ ಗಂಡನ ಕೆಲಸದ ವೀಸಾದ ಜೊತೆ ಸಿಗುವಂಥದ್ದು, ನಾನು ದುಡಿಯುವ ಹಾಗಿಲ್ಲ ಅಂತ ಅವರಿಗೆ ಎಷ್ಟೋ ಸಲ ಹೇಳಿದ್ದೆ. ಅವರ ತಲೆಗೆ ಅದು ಹೋಗುತ್ತಿರಲಿಲ್ಲ. ಓದಿದ್ದೀಯ, ಕೈಕಾಲು ಗಟ್ಟಿ ಇದೆ, ಮತ್ತೇನು ಅಡ್ಡಿ ಅನ್ನುತ್ತಿದ್ದರು. ಅವರ ಸಮಾಧಾನಕ್ಕೆ ಕೈ ಒರೆಸಿಕೊಂಡು ಓದಿದೆ. ಕ್ವಾಲಿಟಿ ಎಂಜಿನಿಯರ್ ಬೇಕಾಗಿದ್ದಾರೆ. ಡಿಗ್ರಿ ಆಗಿರಬೇಕು, ಐದು ವರ್ಷದ ಅನುಭವ ಇರಬೇಕು. ಇಂಥಿಂಥ ಅಳತೆ ಮಾಡುವ ಯಂತ್ರ ಗೊತ್ತಿರಬೇಕು. ರೆಸ್ಯುಮೆಯನ್ನು ಅಂಚೆಯಲ್ಲಿ ಕಳಿಸಿ.

ಕಂಪನಿ ನಮ್ಮನೆಯವರದ್ದು. ಹುದ್ದೆ ನಮ್ಮನೆಯವರದ್ದು. ಆ ಯಂತ್ರಗಳ ಪಟ್ಟಿ ಕೂಡ ಅವರ ರೆಸ್ಯುಮೆಯಿಂದ ಎತ್ತಿಟ್ಟ ಹಾಗಿತ್ತು. ನನ್ನ ಗಂಡನ ಕೆಲಸಕ್ಕೆ ಅರ್ಜಿ ಹಾಕು ಅಂತ ಅಜ್ಜಿ ನನಗೇ ಹೇಳುತ್ತಿದ್ದರು. ನಮ್ಮನೆಯವರು ಒಳಗಿನ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರು.

ಗಾಬರಿಯಾಗಿ ಎಬ್ಬಿಸಿದೆ. ಅವರು ಕಟಿಂಗ್ ನೋಡಿ ನಕ್ಕರು. “ಅಯ್ಯೋ, ಇದು ನಮ್ಮ ಗ್ರೀನ್ ಕಾರ್ಡಿಂದು ಕಣೆ. ಬಂತಾ ಪೇಪರಲ್ಲಿ?”

ಅಮೆರಿಕಕ್ಕೆ ಬಂದ ಎಷ್ಟೋ ಕನ್ನಡದವರಿಗೆ ಈ ನಾಟಕ ಗೊತ್ತು. ಊರಲ್ಲಿರುವವರಿಗೆ ಹೇಳಿದರೆ ನಂಬುವುದಿಲ್ಲ. ಕಂಪನಿಯವರು ನಿಮಗೆ ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಮಾಡಿಸಬೇಕು ಅಂದರೆ, ಆ ಕೆಲಸಕ್ಕೆ ಇಲ್ಲಿನವರು ಯಾರೂ ಸಿಗಲಿಲ್ಲ ಅಂತ ಮೊದಲು ತೋರಿಸಬೇಕು. ತೋರಿಸಬೇಕಾದರೆ ಆ ಕೆಲಸ ಖಾಲಿ ಇದೆ ಅನ್ನುವ ಹಾಗೆ ಜಾಹೀರಾತು ಕೊಡಬೇಕು. ಅದರಲ್ಲಿ ನೀವು ದಿನಾ ಹೋಗಿ ಕೂರುತ್ತಿದ್ದರೂ ಸರಿ. ಡಿಗ್ರಿ ಬೇಡುವ ಕೆಲಸಕ್ಕೆ ಕಾನೂನಿನಲ್ಲೇ ‘ಪ್ರೊಫೆಷನಲ್’ ಅಂತ ಹೆಸರು, ಅದಕ್ಕೆ ಕಟ್ಟಳೆಯೂ ಜಾಸ್ತಿ. ಎರಡು ಭಾನುವಾರ ಪೇಪರಿನಲ್ಲಿ ಹಾಕಬೇಕು. ರಾಜ್ಯದ ಉದ್ಯೋಗ ಪಟ್ಟಿಯಲ್ಲಿ 30 ದಿನ ಇಡಬೇಕು. ಆಫೀಸಿನ ಗೋಡೆಗೆ ಸಂಬಳದ ಸಮೇತ ನೋಟಿಸ್ ಅಂಟಿಸಿ ಹತ್ತು ಕೆಲಸದ ದಿನ ಬಿಡಬೇಕು. ಇದರ ಮೇಲೆ ರೇಡಿಯೋ, ಉದ್ಯೋಗ ಮೇಳ, ಕಂಪನಿಯ ವೆಬ್‌ಸೈಟ್ ಅಂತ ಹತ್ತು ದಾರಿ ಕೊಟ್ಟು, ಯಾವುದಾದರೂ ಮೂರು ಆರಿಸಿಕೊಳ್ಳಿ ಅನ್ನುತ್ತಾರೆ. ನಮ್ಮನೆಯವರ ಸಂಬಳ ಕಾಫಿ ಮೆಷಿನ್ನಿನ ಪಕ್ಕ ಎರಡು ವಾರ ತೂಗಾಡಿತು. ಹೋಗಿ ಬರುವವರೆಲ್ಲ ಓದಿದರು.

ಅರ್ಹತೆ ಇರುವ ಇಲ್ಲಿನವರು ಒಬ್ಬರು ಅರ್ಜಿ ಹಾಕಿದರೂ ಫೈಲು ಅಲ್ಲಿಗೇ ನಿಂತಿತು. ಹಾಗಾಗಿ ಆ ಒಂದೆರಡು ತಿಂಗಳು ನಮ್ಮನೆಯವರು ದೇವರ ಮುಂದೆ ಏನು ಬೇಡಿಕೊಂಡರು ಅಂತ ನನಗೆ ಗೊತ್ತು. ಯಾರೂ ಬರದಿರಲಿ. ಯಾರಿಗೂ ಈ ಊರು ಇಷ್ಟವಾಗದಿರಲಿ. ಬೇಡಿಕೊಳ್ಳುವುದಕ್ಕೆ ಅಷ್ಟು ಒಳ್ಳೆಯ ವಿಷಯವಲ್ಲ ಅದು. ಆದರೆ ಬೇಡಿಕೊಂಡೆವು.

ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲ ಅನ್ನುವುದು ನನಗೆ ಆಮೇಲೆ ಕೊರೆಯತೊಡಗಿತು. ಸಂಬಳ ಚೆನ್ನಾಗಿತ್ತು, ನಾನೇ ಸಾಕ್ಷಿ. ಕೆಲಸವೂ ಅಂಥಾ ಬ್ರಹ್ಮವಿದ್ಯೆಯಲ್ಲ.

*

ಊರಿನ ಹೆಸರು ವಾರ್ಸಾ. ಪೋಲೆಂಡಿನದ್ದಲ್ಲ, ಇಂಡಿಯಾನಾ ರಾಜ್ಯದ್ದು. ಕೌಂಟಿಯ (ನಮ್ಮ ಜಿಲ್ಲೆಯಿದ್ದ ಹಾಗೆ) ಹೆಸರು ಕೊಸಿಯಸ್ಕೊ, ಪೋಲೆಂಡಿನ ಒಬ್ಬ ಸೇನಾಪತಿಯದ್ದು. ಆ ನೆಪದಲ್ಲಿ ಊರಿಗೆ ಆ ದೇಶದ ರಾಜಧಾನಿಯ ಹೆಸರಿಟ್ಟರು. ಸುಮಾರು 16 ಸಾವಿರ ಜನ. ನಮ್ಮ ದಾವಣಗೆರೆಯ ಒಂದೆರಡು ವಾರ್ಡಿನಲ್ಲಿ ಮುಗಿದುಹೋಗುವ ಲೆಕ್ಕ. ನಡುವೆ ಗಡಿಯಾರದ ಗೋಪುರವಿರುವ ಕೋರ್ಟು, ಸುತ್ತ ಮೂರು ಕೆರೆ, ಅದರಾಚೆ ಕಣ್ಣು ಹಾಯುವಷ್ಟು ಮೆಕ್ಕೆಜೋಳ ಮತ್ತು ಸೋಯಾ. ಗೂಡ್ಸ್ ರೈಲು ಊರ ನಡುವೆಯೇ ಹೋಗುತ್ತದೆ. ಗೇಟು ಬಿದ್ದರೆ ಕಾಯಬೇಕು. ಈ ಒಂದು ವಿಷಯದಲ್ಲಿ ಮಾತ್ರ ನನಗೆ ತವರಿನ ನೆನಪಾಗುತ್ತಿತ್ತು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದವರಿಗೆ ಈ ಮಾತು ಅರ್ಥವಾಗುತ್ತದೆ.

ಇಷ್ಟು ಸಣ್ಣ ಊರಿಗೆ ಎಂಜಿನಿಯರುಗಳು ಯಾಕೆ ಬೇಕು? ಮಂಡಿ ಮಾಡುವುದಕ್ಕೆ. ತಮಾಷೆಯಲ್ಲ. ಮಂಡಿ, ಸೊಂಟದ ಕೀಲು, ಭುಜ. ಲೋಹದ್ದು. 1895ರಲ್ಲಿ ರೆವ್ರಾ ಡಿಪ್ಯೂ ಅನ್ನುವವರು ಇಲ್ಲಿ ಮುರಿದ ಮೂಳೆಗೆ ಕಟ್ಟುವ ಪಟ್ಟಿ ಮಾಡುವ ಕಂಪನಿ ತೆರೆದರು. ಅಲ್ಲಿವರೆಗೆ ಡಾಕ್ಟರುಗಳು ಮರದ ಹಲಗೆ ಕಟ್ಟುತ್ತಿದ್ದರಂತೆ. ಇವರು ನಾರಿನದ್ದು ಮಾಡಿದರು. ಅವರ ಕಂಪನಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದ ಜಸ್ಟಿನ್ ಝಿಮ್ಮರ್ ಅಲ್ಯೂಮಿನಿಯಂ ಪಟ್ಟಿ ಮಾಡೋಣ ಅಂದರು. ಕಂಪನಿಗೆ ಮನಸ್ಸಿರಲಿಲ್ಲ. 1927ರಲ್ಲಿ ಝಿಮ್ಮರ್ ಹೊರಗೆ ಬಂದು, ಅದೇ ಊರಲ್ಲಿ ತಮ್ಮದೇ ಅಂಗಡಿ ಹಾಕಿದರು. 1977ರಲ್ಲಿ ನಾಲ್ಕು ಜನ ಸೇರಿ ಬಯೋಮೆಟ್ ಕಟ್ಟಿದರು. ಅದೂ ಇಲ್ಲೇ. ದೊಡ್ಡವರ ಸುತ್ತ ಅವರಿಗೆ ಎರಕ ಹೊಯ್ದುಕೊಡುವವರು, ಪಾಲಿಶ್ ಮಾಡಿಕೊಡುವವರು, ಆಪರೇಷನ್ನಿನ ಉಪಕರಣ ಇಡುವ ಟ್ರೇ ಮಾಡಿಕೊಡುವವರು ಹುಟ್ಟಿಕೊಂಡರು. ಜಗತ್ತಿನ ಕೀಲುಗಳ ಮೂರನೇ ಒಂದು ಪಾಲು ನಮ್ಮದೇ ಅಂತ ಊರಿನವರು ಎದೆಯುಬ್ಬಿಸಿ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ.

2018ರಲ್ಲಿ ದಾವಣಗೆರೆಯಲ್ಲಿ ನಮ್ಮ ದೊಡ್ಡಮ್ಮನಿಗೆ ಮಂಡಿ ಬದಲಿಸಿದರು. ರಜೆಗೆ ಹೋದಾಗ ಆಸ್ಪತ್ರೆಯ ಫೈಲು ತೆಗೆದು ನೋಡುತ್ತಿದ್ದೆ. ಕೊನೆಯ ಹಾಳೆಯಲ್ಲಿ ಮಂಡಿಯ ಡಬ್ಬಿಯಿಂದ ಕಿತ್ತ ಸಣ್ಣ ಸಣ್ಣ ಸ್ಟಿಕ್ಕರು ಅಂಟಿಸಿದ್ದರು. ಒಂದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ವಾರ್ಸಾ, ಇಂಡಿಯಾನಾ’ ಅಂತಿತ್ತು. ದೊಡ್ಡಮ್ಮನಿಗೆ ತೋರಿಸಿದೆ. “ನಿಮ್ಮೂರಲ್ಲಿ ಮಾಡಿದ್ದಾ? ಮೊದಲೇ ಹೇಳಬಾರದೇನೇ, ನಿನ್ನ ಗಂಡನ ಹತ್ತಿರ ಹೇಳಿ ರೇಟು ಕಮ್ಮಿ ಮಾಡಿಸಬಹುದಿತ್ತು” ಅಂದಳು. ಅಷ್ಟರಲ್ಲಿ ನಮ್ಮ ಸರ್ಕಾರವೇ ಕಮ್ಮಿ ಮಾಡಿಸಿತ್ತು. 2017ರ ಆಗಸ್ಟಿನಲ್ಲಿ ಮಂಡಿಗೆ ಗರಿಷ್ಠ ದರ ಕಟ್ಟಿದ್ದರು, ಮಾಮೂಲಿ ಕೋಬಾಲ್ಟ್ ಕ್ರೋಮಿನದ್ದಕ್ಕೆ 54,720 ರೂಪಾಯಿ. ಅದನ್ನು ಹೇಳಿದರೂ ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. ಸಂಬಂಧಿಕರು ಅಂತ ಇದ್ದ ಮೇಲೆ ಇನ್ನೂ ಸ್ವಲ್ಪ ಬಿಡಬೇಕಿತ್ತು.

ಇದೇ ದೊಡ್ಡಮ್ಮನ ಗಂಡ, ನಮ್ಮ ದೊಡ್ಡಪ್ಪ, ಹತ್ತಿ ಗಿರಣಿಯಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನನಗೆ ನೆನಪಿರುವ ಹೊತ್ತಿಗೆ ಚಿಮಣಿ ಇತ್ತು, ಹೊಗೆ ಇರಲಿಲ್ಲ. ಹಾಗಾಗಿ ಒಂದೇ ಕಸುಬು ನಂಬಿದ ಊರು ಅಂದರೆ ನನಗೆ ಒಳಗೊಳಗೇ ಪುಕುಪುಕು. 2015ರಲ್ಲಿ ಝಿಮ್ಮರ್ ಮತ್ತು ಬಯೋಮೆಟ್ ಒಂದಾದಾಗ ಊರಲ್ಲಿ ಯಾರ ಮನೆಗೆ ಹೋದರೂ ಅದೇ ಮಾತು. ಮೂರು ದೊಡ್ಡ ಕಂಪನಿ ಇದ್ದದ್ದು ಎರಡಾಯಿತು. ಇದರ ನಷ್ಟ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಸಣ್ಣ ಊರಲ್ಲಿ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಊರೂ ಬಿಡಬೇಕು. ಇಲ್ಲಿ ಹಾಗಿರಲಿಲ್ಲ. ಒಬ್ಬರ ಜೊತೆ ಮುನಿಸಾದರೆ ರಸ್ತೆ ದಾಟಿ ಇನ್ನೊಬ್ಬರಲ್ಲಿ ಸೇರಬಹುದಿತ್ತು. ಮಕ್ಕಳ ಶಾಲೆ ಅದೇ, ಮನೆ ಅದೇ, ಕಾರು ನಿಲ್ಲಿಸುವ ಜಾಗ ಮಾತ್ರ ಬೇರೆ. ವೀಸಾದ ಮೇಲಿರುವವರಿಗಂತೂ ಇದು ಪ್ರಾಣ. ಕೆಲಸ ಹೋದರೆ ನಮಗೆ ಸಿಗುವುದು 60 ದಿನ. ಅಷ್ಟರೊಳಗೆ ಇನ್ನೊಂದು ಹಿಡಿಯಬೇಕು, ಇಲ್ಲವೇ ಗಂಟು ಕಟ್ಟಬೇಕು.

*

ನಾನು ಬಂದದ್ದು 2013ರಲ್ಲಿ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರು ವರ್ಷ ಪಾಠ ಮಾಡಿ ಬಂದವಳು. ಬಂದ ಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಹಾಗಾಗಿ ಕಾಫಿ ಲೋಟ ಹಿಡಿದು ಬೆಳಗ್ಗೆ ಬೆಳಗ್ಗೆ ಉದ್ಯೋಗದ ಪಟ್ಟಿ ಓದುವುದು ಚಟವಾಯಿತು. ಊರಲ್ಲಿ ಅಪ್ಪ ದಿನಾ ನಿಧನ ವಾರ್ತೆ ಓದುವ ಹಾಗೆ. ನಮಗೆ ಸಂಬಂಧವಿರಲಿ ಇಲ್ಲದಿರಲಿ, ಕಣ್ಣಾಡಿಸದಿದ್ದರೆ ದಿನ ಶುರುವಾಗದು.

ವರ್ಷಗಟ್ಟಲೆ ಓದಿದರೆ ಊರಿನ ಒಳಗುಟ್ಟು ತಿಳಿಯುತ್ತದೆ. ಮೊದಲು ಕಾಣುವುದು ಕೀಲಿನ ಕಂಪನಿಗಳದ್ದು. ಡಿಸೈನ್ ಎಂಜಿನಿಯರ್, ಕ್ವಾಲಿಟಿ ಎಂಜಿನಿಯರ್, ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು, ಸರ್ಕಾರದ ಅನುಮತಿಗೆ ಕಾಗದಪತ್ರ ಸಿದ್ಧ ಮಾಡುವ ರೆಗ್ಯುಲೇಟರಿಯವರು. ಇವು ಬರುತ್ತವೆ, ತುಂಬುತ್ತವೆ, ಮತ್ತೆ ಬರುತ್ತವೆ. ಆಮೇಲೆ ಬಾತುಕೋಳಿ. ದೇಶದ ದೊಡ್ಡ ಬಾತುಕೋಳಿ ಕಂಪನಿಗಳಲ್ಲೊಂದು ಇದೇ ಕೌಂಟಿಯಲ್ಲಿದೆ. ಅವರಿಗೆ ಪಶುವೈದ್ಯರು, ಲೆಕ್ಕಿಗರು ಬೇಕು. ಉತ್ತರಕ್ಕೆ ಹೋದರೆ ಎಲ್ಕಾರ್ಟ್. ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಓಡಾಡುತ್ತಾರಲ್ಲ, ಆ ಗಾಡಿಗಳ ರಾಜಧಾನಿ ಅದು. ಪೆಟ್ರೋಲ್ ದರ ಏರಿದರೆ ಅಲ್ಲಿನ ಜಾಹೀರಾತು ಕಡಿಮೆಯಾಗುತ್ತದೆ.

ಇವೆಲ್ಲದರ ಕೆಳಗೆ, ಜಾಗ ಬದಲಿಸದೆ ಕೂತಿರುವ ಕೆಲವು ಇದ್ದವು. ಮನೋವೈದ್ಯರು ಬೇಕಾಗಿದ್ದಾರೆ. ಶಾಲೆಗೆ ಗಣಿತದ ಮೇಷ್ಟ್ರು. ಮಾತು ತೊದಲುವ ಮಕ್ಕಳಿಗೆ ಕಲಿಸುವ ಥೆರಪಿಸ್ಟ್. ಪಕ್ಕದ ಕೌಂಟಿಗೆ ರಸ್ತೆ ಎಂಜಿನಿಯರ್. ನಾನು ಬಂದಾಗಲೂ ಇದ್ದವು, ಮಗಳು ಹುಟ್ಟಿದಾಗಲೂ ಇದ್ದವು. ಮಧ್ಯೆ ಒಂದಷ್ಟು ತಿಂಗಳು ಮಾಯವಾಗಿ, ಯಾರೋ ಬಂದರು ಅನ್ನುವಷ್ಟರಲ್ಲಿ ಮತ್ತೆ ಅದೇ ಪದಗಳಲ್ಲಿ ಕಾಣಿಸುತ್ತಿದ್ದವು. ಒಂದರಲ್ಲಿದ್ದ ಒಂದು ಕಾಗುಣಿತದ ತಪ್ಪು ಕೂಡ ಹಾಗೇ ಇತ್ತು.

ಸಣ್ಣ ಊರಿನ ಜಾಹೀರಾತಿಗೆ ಒಂದು ಧಾಟಿ ಇದೆ. ದೊಡ್ಡ ನಗರದವರು ಕೆಲಸದ ಬಗ್ಗೆ ಬರೆಯುತ್ತಾರೆ, ನಗರವನ್ನು ಹೊಗಳುವ ಗೋಜಿಗೆ ಹೋಗುವುದಿಲ್ಲ. ಇಲ್ಲಿ ಮೊದಲ ಪ್ಯಾರಾ ಪೂರ್ತಿ ಊರು. ಕೌಂಟಿಯ ತುಂಬ ಕೆರೆಗಳು, ಒಳ್ಳೆಯ ಶಾಲೆಗಳು, ಮನೆ ಬೆಲೆ ಕಮ್ಮಿ, ಟ್ರಾಫಿಕ್ ಇಲ್ಲ. ಹುಡುಗನ ಸಂಬಳ ಅಷ್ಟಕ್ಕಷ್ಟೇ ಇದ್ದರೆ ‘ಮನೆತನ ಬಹಳ ಒಳ್ಳೇದು’ ಅಂತ ಶುರು ಮಾಡುತ್ತಾರಲ್ಲ, ಹಾಗೆ. ಕೊನೆಗೆ ‘ಶಿಕಾಗೋಗೆ ಬರೀ ಎರಡು ಗಂಟೆ’ ಅಂತ ಬರೆಯುತ್ತಾರೆ. ಅದು ನನಗೆ ತುಂಬ ಇಷ್ಟ. ಊರಿನ ಹೆಚ್ಚುಗಾರಿಕೆ ಏನಪ್ಪಾ ಅಂದರೆ, ಇಲ್ಲಿಂದ ಬೇಗ ಬೇರೆ ಊರಿಗೆ ಹೋಗಬಹುದು! ಆ ಎರಡು ಗಂಟೆಯೂ ಸುಳ್ಳು ಅನ್ನಿ. ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋದವರನ್ನು ಕೇಳಿ.

ನಾನು ಮ್ಯಾಪಿನ ಮೇಲೆ ಬಳೆ ಇಟ್ಟು ಒಂದು ವೃತ್ತ ಎಳೆದಿದ್ದೆ. ಎಂದಾದರೂ ಕೆಲಸ ಮಾಡುವ ಹಾಗಾದರೆ ಇದರೊಳಗೆ ಸಿಗಬೇಕು ಅಂತ. ಪೂರ್ವಕ್ಕೆ ಫೋರ್ಟ್ ವೇನ್, 40 ಮೈಲಿ. ಹೈವೇ 30 ನೇರ ಇದೆ, ಬೇಸಿಗೆಯಲ್ಲಿ ಮುಕ್ಕಾಲು ಗಂಟೆ. ಜನವರಿಯಲ್ಲಿ ಮಿಶಿಗನ್ ಸರೋವರದ ಕಡೆಯಿಂದ ಹಿಮ ಬೀಸಿದರೆ ಎಷ್ಟು ಹೊತ್ತು ಅಂತ ಹೇಳುವವರಿಲ್ಲ. ನಮ್ಮ ರಾಗಿ ಹಿಟ್ಟು, ಕರಿಬೇವು ಸಿಗುವುದೂ ಅಲ್ಲೇ. ಹಾಗಾಗಿ ವೃತ್ತದ ಒಳಗೆ ನನಗೆ ಬೇಕಾದದ್ದು ಎರಡೇ, ಒಂದು ಕೆಲಸ ಮತ್ತು ಒಂದು ಕರಿಬೇವಿನ ಅಂಗಡಿ. ಅಂಗಡಿ ಸಿಕ್ಕಿತ್ತು.

ಈ ದಿನಗಳಲ್ಲೇ ನನಗೆ ಅಮ್ಮನ ಪತಿ-ಪತ್ನಿ ಪ್ರಕರಣ ಅರ್ಥವಾದದ್ದು. ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಅಪ್ಪ ಕೆಇಬಿ. ಅಪ್ಪನಿಗೆ ದಾವಣಗೆರೆ, ಅಮ್ಮನಿಗೆ ಜಗಳೂರು ತಾಲೂಕಿನ ಒಂದು ಹಳ್ಳಿ. ಬೆಳಗ್ಗೆ ಏಳರ ಬಸ್ಸು ಹಿಡಿದು ಹೋದರೆ ಸಂಜೆ ಬರುತ್ತಿದ್ದಳು. ಪ್ರತಿ ಸಲ ವರ್ಗಾವಣೆಯ ಸಮಯ ಬಂದಾಗಲೂ ಮನೆಯಲ್ಲಿ ಒಂದೇ ಮಾತು. “ಪತಿ-ಪತ್ನಿ ಪ್ರಕರಣದಲ್ಲಿ ಹಾಕಿದ್ದೀವಿ, ನೋಡೋಣ.” ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರಿಯಲ್ಲಿದ್ದು ಬೇರೆ ಬೇರೆ ಕಡೆ ಇದ್ದರೆ ಅದಕ್ಕೊಂದು ಬೇರೆ ಕಾಲಂ. ಚಿಕ್ಕವಳಿದ್ದಾಗ ನನಗದು ಯಾವುದೋ ಕೋರ್ಟು ಕೇಸು ಅನ್ನಿಸುತ್ತಿತ್ತು. ಅಪ್ಪ ಅಮ್ಮ ಜಗಳ ಆಡಿದ್ದಾರೆ, ಯಾರೋ ತೀರ್ಪು ಕೊಡಬೇಕು. ಸಿಕ್ಕಿದ್ದು ಬಹಳ ತಡವಾಗಿ, ಅದು ಬೇರೆ ಮಾತು. ಆದರೆ ಒಬ್ಬರ ನೌಕರಿ ಇನ್ನೊಬ್ಬರ ನೌಕರಿಗೆ ಗಂಟು ಬಿದ್ದಿರುತ್ತದೆ ಅಂತ ಸರ್ಕಾರ ಒಪ್ಪಿಕೊಂಡು, ಅರ್ಜಿಯಲ್ಲೇ ಅಚ್ಚು ಹಾಕಿಸಿತ್ತು.

*

2015ರ ಮೇ 26ರಿಂದ ಎಚ್-4ನವರಿಗೆ ಒಂದು ದಾರಿ ತೆರೆಯಿತು. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡಿನ ಎರಡನೇ ಹಂತ, ಐ-140 ಅನ್ನುವುದು, ಮಂಜೂರಾಗಿದ್ದರೆ ನಾವೂ ಕೆಲಸ ಮಾಡಬಹುದು. ನಮ್ಮದು ಅದೇ ವರ್ಷದ ಕೊನೆಯಲ್ಲಿ ಆಯಿತು. 2016ರ ಮಾರ್ಚಿನಲ್ಲಿ ಅಂಚೆಯಲ್ಲಿ ಕಾರ್ಡು ಬಂತು. ಫೋಟೋದಲ್ಲಿ ನಾನು ಹೆದರಿದವಳ ಹಾಗಿದ್ದೆ.

ಲೆಕ್ಕ ಹಾಕಿ ನೋಡಿದರೆ, ಅಜ್ಜಿ ಅಂದು ಹೇಳಿದ್ದು ಸುಳ್ಳಾಗಲಿಲ್ಲ. ಆ ಜಾಹೀರಾತಿಗೆ ಯಾರೂ ಬರದ್ದರಿಂದ ಫೈಲು ಮುಂದೆ ಹೋಯಿತು. ಫೈಲು ಹೋದದ್ದರಿಂದ ನನಗೆ ಕಾರ್ಡು ಬಂತು. ಅದು ನನಗೆ ಅಂತಲೇ ಬರೆದ ಜಾಹೀರಾತಾಗಿತ್ತು, ಸ್ವಲ್ಪ ಸುತ್ತು ಬಳಸಿ. ಗ್ರೀನ್ ಕಾರ್ಡು ಮಾತ್ರ ಇನ್ನೂ ಬಂದಿಲ್ಲ. ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ನೂರಕ್ಕೆ ಏಳು ಅನ್ನುವ ಮಿತಿ, ನಮ್ಮಲ್ಲಿ ಜನ ಜಾಸ್ತಿ. ಹತ್ತು ವರ್ಷ ದಾಟಿತು, ಸಾಲಿನಲ್ಲಿದ್ದೇವೆ.

ಆ ಕಟಿಂಗ್ ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ. ಹಳದಿಯಾಗಿದೆ. ಕಾರಿನ ಅರ್ಧ ಚಕ್ರ ಮುಂದಿನಿಂದಲೂ ಕಾಣುತ್ತದೆ ಈಗ.

ನನಗೆ ಸಿಕ್ಕಿದ್ದು ದೊಡ್ಡ ಕಂಪನಿಗಳಿಗೆ ಸಾಮಾನು ಮಾಡಿಕೊಡುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ. ದಾಖಲೆ ನೋಡಿಕೊಳ್ಳುವ ಕೆಲಸ. ಒಂದು ಸ್ಕ್ರೂ ಆದರೂ ಸರಿ, ಯಾವ ಲೋಹದ ಯಾವ ಸರಳಿನಿಂದ ಬಂತು, ಯಾವ ಯಂತ್ರದಲ್ಲಿ ಯಾರು ಕೊರೆದರು, ಯಾರು ಅಳೆದರು, ಎಲ್ಲ ಬರೆದಿಟ್ಟಿರಬೇಕು. ಹತ್ತು ವರ್ಷದ ಮೇಲೆ ಎಲ್ಲೋ ಒಬ್ಬರ ಸೊಂಟ ನೋವು ಅಂದರೆ ಆ ಸರಳಿನ ತನಕ ವಾಪಸು ಹೋಗಲು ಬರಬೇಕು. ಪಾಠ ಮಾಡಿದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಇಷ್ಟವಾಯಿತು. ಕೆಲಸಕ್ಕೆ ತೆಗೆದುಕೊಳ್ಳುವಾಗ ಮೂರು ವರ್ಷ ಏನು ಮಾಡಿದಿರಿ ಅಂತ ಕೇಳಿದರು. ನಿಮ್ಮೂರಿನ ಜಾಹೀರಾತು ಓದಿದೆ ಅಂದೆ. ನಕ್ಕರು. ನಾನು ನಿಜವನ್ನೇ ಹೇಳಿದ್ದೆ.

ಕೆಲವು ವರ್ಷಗಳಿಂದ ಸಂದರ್ಶನದ ಮೇಜಿನ ಈಚೆ ಕಡೆ ಕೂರುತ್ತಿದ್ದೇನೆ. ಕೂರುವ ಮೊದಲು ಎಚ್‌ಆರ್‌ನವರು ಒಂದು ಹಾಳೆ ಕೊಡುತ್ತಾರೆ. ಏನು ಕೇಳಬಹುದು, ಏನು ಕೇಳಬಾರದು. ವಯಸ್ಸು ಕೇಳಬಾರದು, ಧರ್ಮ ಕೇಳಬಾರದು, ಹುಟ್ಟಿದ್ದೆಲ್ಲಿ ಅಂತ ಕೇಳಬಾರದು. ಮದುವೆಯಾಗಿದೆಯಾ, ಮಕ್ಕಳಿದ್ದಾರಾ ಅಂತ ಕೇಳಲೇಬಾರದು. ಈ ಕಟ್ಟುಪಾಡು ಸರಿಯಾಗಿಯೇ ಇದೆ. ಮದುವೆಯಾದ ಹೆಂಗಸರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದ ಕಾಲ ಬಹಳ ಹಿಂದಿನದ್ದೇನಲ್ಲ. ನಮ್ಮ ಕಡೆಯಂತೂ ಈಗಲೂ ‘ಮದುವೆ ಯಾವಾಗಮ್ಮಾ?’ ಅಂತ ಮೊದಲ ಪ್ರಶ್ನೆಯೇ ಬೀಳುತ್ತದೆ.

ಆದರೆ ಹದಿನಾರು ಸಾವಿರ ಜನರ ಊರಲ್ಲಿ ಆ ಖುರ್ಚಿ ತುಂಬುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಅದೇ ಒಂದು ಪ್ರಶ್ನೆಯ ಮೇಲೆ. ನಾವು ಎರಡು ಗಂಟೆ ಕೂತು ಸ್ಟೆರಿಲೈಸೇಷನ್ ಬಗ್ಗೆ ಕೇಳುತ್ತೇವೆ, ಆಡಿಟ್ ಬಗ್ಗೆ ಕೇಳುತ್ತೇವೆ, ತಂಡದಲ್ಲಿ ಜಗಳವಾದರೆ ಏನು ಮಾಡುತ್ತೀರಿ ಅಂತ ಕೇಳುತ್ತೇವೆ. ಅವರು ಚೆನ್ನಾಗಿ ಉತ್ತರಿಸುತ್ತಾರೆ. ಕೆರೆ ತೋರಿಸುತ್ತೇವೆ, ಊಟ ಹಾಕಿಸುತ್ತೇವೆ, ಆಫರ್ ಕಳಿಸುತ್ತೇವೆ. ನಾಲ್ಕು ದಿನ ಬಿಟ್ಟು ಎರಡು ಸಾಲಿನ ಇಮೇಲ್ ಬರುತ್ತದೆ. ಬಹಳ ಯೋಚಿಸಿದೆವು, ಈಗ ಆಗುವುದಿಲ್ಲ. ‘ಯೋಚಿಸಿದೆವು.’ ಸಂದರ್ಶನಕ್ಕೆ ಬಂದದ್ದು ಒಬ್ಬರು. ಯೋಚಿಸಿದ್ದು ಇಬ್ಬರು. ನಾವು ಕಣ್ಣಲ್ಲೂ ನೋಡದ ಇನ್ನೊಬ್ಬರು ಯಾವುದೋ ಅಡುಗೆಮನೆಯಲ್ಲಿ ಮ್ಯಾಪಿನ ಮೇಲೆ ಬಳೆ ಇಟ್ಟಿರುತ್ತಾರೆ.

ಮ್ಯಾನೇಜರಿಗೆ ಇದು ಹೊಳೆಯುವುದಿಲ್ಲ. ಸಂಬಳ ಸಾಲಲಿಲ್ಲವೇನೋ ಅನ್ನುತ್ತಾರೆ. ಅವರು ಇದೇ ಕೌಂಟಿಯಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ಜೊತೆಗೆ ಓದಿದವರನ್ನೇ ಮದುವೆಯಾದವರು. ಅವರ ಹೆಂಡತಿಗೆ ಅಪ್ಪನ ಹಾರ್ಡ್‌ವೇರ್ ಅಂಗಡಿ ಇದೆ. ಪಾಪ, ಹೇಗೆ ಗೊತ್ತಾಗಬೇಕು?

ಡಾಕ್ಟರುಗಳದ್ದು ಇನ್ನೂ ಖಚಿತ. ಹೊರದೇಶದಿಂದ ಜೆ-1 ವೀಸಾದಲ್ಲಿ ಬಂದು ರೆಸಿಡೆನ್ಸಿ ಅನ್ನುವ ಆಸ್ಪತ್ರೆ ತರಬೇತಿ ಮುಗಿಸಿದವರು ನಿಯಮದ ಪ್ರಕಾರ ಎರಡು ವರ್ಷ ತಮ್ಮ ದೇಶಕ್ಕೆ ಹೋಗಿ ಬರಬೇಕು. ಅದನ್ನು ಮನ್ನಾ ಮಾಡಿಸಿಕೊಳ್ಳಬೇಕಾದರೆ ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ದುಡಿಯಬೇಕು. ಕಾನ್ರಾಡ್ 30 ಅಂತ ಯೋಜನೆ, ವರ್ಷಕ್ಕೆ ಒಂದು ರಾಜ್ಯಕ್ಕೆ 30 ಜನ. ನಮ್ಮ ಸುತ್ತಮುತ್ತಲ ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳು ನಡೆಯುತ್ತಿರುವುದೇ ಇಂಥವರಿಂದ. ಮೈಸೂರಿನ ಕಡೆಯ ಒಬ್ಬ ಡಾಕ್ಟರ್ ಹಾಗೆ ಬಂದಿದ್ದರು, ಇಲ್ಲಿಂದ ಒಂದು ಗಂಟೆಯ ದಾರಿಯ ಊರಿಗೆ. ಅವರ ಗಂಡನಿಗೆ ಡೆಟ್ರಾಯಿಟ್ ಹತ್ತಿರ ಕೆಲಸ. ಶುಕ್ರವಾರ ಸಂಜೆ ಒಬ್ಬರು ಹೊರಡಬೇಕು, ಭಾನುವಾರ ರಾತ್ರಿ ವಾಪಸು. ಊರಿನ ಜನಕ್ಕೆ ಅವರೆಂದರೆ ಪ್ರಾಣ. ಹೊಲದವರು ಮೊಟ್ಟೆ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಅವರು ಮೊಟ್ಟೆ ತಿನ್ನುವವರಲ್ಲ, ನಮ್ಮ ಮನೆಗೆ ಬರುತ್ತಿತ್ತು. ಮೂರು ವರ್ಷ ಮುಗಿದು ಎರಡು ವಾರಕ್ಕೆ ಅವರು ಹೋದರು. ಇನ್ನೆರಡು ವಾರಕ್ಕೆ ಅದೇ ಜಾಹೀರಾತು ಬಂತು. ‘ಸ್ನೇಹಪರ ಸಮುದಾಯ’ ಅಂತ ಬರೆದಿದ್ದರು. ಅದರಲ್ಲೇನೂ ಸುಳ್ಳಿರಲಿಲ್ಲ.

*

ಕಳೆದ ನವೆಂಬರಿನಲ್ಲಿ ನಮ್ಮಲ್ಲಿ ಒಂದು ಸಂದರ್ಶನವಿತ್ತು. ಒಹಾಯೊದಿಂದ ಬಂದ ಹುಡುಗ. ಮುಂಚಿನ ರಾತ್ರಿ ಮೊದಲ ಹಿಮ ಬಿದ್ದಿತ್ತು. ನಡುವೆ ಹದಿನೈದು ನಿಮಿಷ ಬಿಡುವು ಸಿಕ್ಕಾಗ, ಕಾರಿನಲ್ಲಿ ಮರೆತ ಊಟದ ಡಬ್ಬಿ ತರಲು ಹೊರಗೆ ಹೋದೆ. ಸಂದರ್ಶಕರ ಜಾಗದಲ್ಲಿ ಒಹಾಯೊ ನಂಬರಿನ ಕಾರು, ಎಂಜಿನ್ ಆನ್ ಇತ್ತು. ಒಳಗೆ ಒಂದು ಹುಡುಗಿ, ಜಾಕೆಟ್ ಹಾಕಿಕೊಂಡೇ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು.

ಸುಮ್ನೆ ಹೋಗಬೇಕಿತ್ತು. ಹಾಳೆಯಲ್ಲಿ ಬರೆದದ್ದು ಕಾರಿನಲ್ಲಿ ಕೂತವರಿಗೂ ಅನ್ವಯಿಸುತ್ತದೋ ಏನೋ. ಆದರೆ ಅವಳೇ ಕಿಟಕಿ ಇಳಿಸಿದಳು. ಇಲ್ಲಿ ಎಲ್ಲಾದರೂ ವೈಫೈ ಸಿಗುತ್ತದಾ, ಎರಡು ಗಂಟೆಗೆ ನನ್ನದೊಂದು ವಿಡಿಯೋ ಕಾಲ್ ಇದೆ, ಫೋನಿನಲ್ಲಿ ಸಿಗ್ನಲ್ ಬರುತ್ತಿಲ್ಲ ಅಂದಳು. ಎಂಥಾ ಕಾಲ್ ಅಂತ ನಾನು ಕೇಳಲಿಲ್ಲ. ಮೇಲೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೆಳಗೆ ಪೈಜಾಮ. ಕೇಳುವ ಅಗತ್ಯವಿರಲಿಲ್ಲ.

ಒಂದೂ ನಲವತ್ತು ಆಗಿತ್ತು. ಊರಿನ ಲೈಬ್ರರಿ ಐದು ನಿಮಿಷದ ದಾರಿ. ನನ್ನ ಕಾರಿಗೇ ಹತ್ತಿಸಿಕೊಂಡೆ. ಅಲ್ಲಿ ಬಾಗಿಲು ಹಾಕಿಕೊಳ್ಳುವಂಥ ಒಂದು ಸಣ್ಣ ಓದುವ ಕೋಣೆ ಇದೆ. ಆ ಮೂರು ವರ್ಷ ನಾನು ಅಲ್ಲಿ ವಾಲಂಟಿಯರ್ ಆಗಿದ್ದವಳು, ಕೌಂಟರಿನವರಿಗೆ ಗುರುತು. ದಾರಿಯಲ್ಲಿ ಅವಳು ನೀವು ಇಲ್ಲಿಗೆ ಹೇಗೆ ಬಂದಿರಿ ಅಂದಳು. ನಮ್ಮನೆಯವರಿಗೆ ಕೆಲಸ ಸಿಕ್ಕಿತು ಅಂದೆ.

“ನಿಮಗೆ?”

“ಮೂರು ವರ್ಷ ಹಿಡಿಯಿತು.”

ಅವಳು ಮತ್ತೇನೂ ಕೇಳಲಿಲ್ಲ. ರೈಲ್ವೆ ಗೇಟು ಬೀಳಲಿಲ್ಲ, ಪುಣ್ಯಕ್ಕೆ.

ಅವಳನ್ನು ಆ ಕೋಣೆಯಲ್ಲಿ ಕೂರಿಸಿ ವಾಪಸು ಬಂದಾಗ ಎರಡು ನಿಮಿಷ ತಡವಾಗಿತ್ತು. ಡಬ್ಬಿ ಕಾರಿನಲ್ಲೇ ಉಳಿಯಿತು. ಹುಡುಗ ಆಡಿಟ್ ಬಗ್ಗೆ ಚೆನ್ನಾಗಿ ಮಾತಾಡುತ್ತಿದ್ದ. ಮ್ಯಾನೇಜರ್ ತಲೆದೂಗುತ್ತಿದ್ದರು. ಕೊನೆಗೆ ಎಲ್ಲರೂ ಕೇಳುವುದನ್ನೇ ಕೇಳಿದರು, ನಿಮ್ಮದೇನಾದರೂ ಪ್ರಶ್ನೆ ಇದೆಯಾ ಅಂತ.

ಅವನು ಯೋಚಿಸುವ ಹಾಗೆ ಕಿಟಕಿಯ ಕಡೆ ತಿರುಗಿದ. ಅಲ್ಲಿಂದ ಪಾರ್ಕಿಂಗ್ ಪೂರ್ತಿ ಕಾಣುತ್ತದೆ. ಅವನ ಕಾರು ಖಾಲಿ ಇತ್ತು. ಮುಖದ ಬಣ್ಣವೇ ಹೋಯಿತು.

“ಲೈಬ್ರರಿಯಲ್ಲಿದ್ದಾಳೆ” ಅಂದೆ ನಾನು.

ಮ್ಯಾನೇಜರ್ ನನ್ನ ಮುಖ ನೋಡಿದರು.